ಚಿಕ್ಕ ಲೇತ್ ಪಾರ್ಟಿಂಗ್ ಮಾಡುವಾಗ ಅದುರುತ್ತದೆ, ಬೆಡ್ ಒಳಗೆ ಕಾಂಕ್ರೀಟ್ ತುಂಬಲಾ?

ನಮಸ್ಕಾರ. ಕಾರವಾರದ ಮನೆಯಲ್ಲಿ 40 ಕೆಜಿಯ ಮಿನಿ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡಿದ್ದೀರಿ. 20 ಎಂಎಂ ಎಂಎಸ್ (ಮೆದು ಉಕ್ಕಿನ) ರಾಡ್ ಪಾರ್ಟಿಂಗ್ ಮಾಡಲು, ಅಂದರೆ ತಿರುಗುತ್ತಿರುವಾಗಲೇ ಕತ್ತರಿಸಿ ಬೇರೆ ಮಾಡಲು ಹೋದರೆ ಇಡೀ ಮೆಷಿನ್ ಕಿರುಚುತ್ತದೆ, ಬೆಡ್ (ಎಲ್ಲ ಭಾಗಗಳನ್ನೂ ಹೊರುವ ತಳದ ಚೌಕಟ್ಟು) ಒಳಗೆ ಕಾಂಕ್ರೀಟ್ ತುಂಬಿದರೆ ಗಟ್ಟಿ ಆಗುತ್ತದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಮೊದಲು ಎಲ್ಲಿ ಅಲುಗಾಡುತ್ತಿದೆ ಅಂತ ಹುಡುಕಿ.

ನಾನು ಶಿರಸಿ ಕಡೆಯವನು. ಅಡಿಕೆ ಕೊಯ್ಯುವ ಉದ್ದನೆಯ ದೋಟಿಯ ಜಾಯಿಂಟ್‌ಗೆ ಅಲ್ಯೂಮಿನಿಯಂ ಕಾಲರ್, ಔಷಧಿ ಹೊಡೆಯುವ ಪಂಪಿಗೆ ಬುಶ್, ಇಂಥದ್ದನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ದೋಟಿ ಹಿಡಿದವರಿಗೆ ಈ ವಿಷಯ ಬೇಗ ಹೊಳೆಯುತ್ತದೆ. ಒಂದು ಜಾಯಿಂಟ್ ಸಡಿಲ ಇದ್ದರೆ ಸಾಕು, ಪೈಪ್ ಎಷ್ಟೇ ದಪ್ಪ ಇರಲಿ, ತುದಿಯ ಕತ್ತಿ ಅಡಿಕೆ ಕೊನೆಯ ಹತ್ತಿರ ನಿಲ್ಲುವುದೇ ಇಲ್ಲ. ಲೇತ್‌ನಲ್ಲೂ ಟೂಲ್ ತುದಿಯಿಂದ ಬೆಡ್‌ವರೆಗೆ ಟೂಲ್ ಹಿಡಿಯುವ ಟೂಲ್ ಪೋಸ್ಟ್, ಓರೆಯಾಗಿ ತಿರುಗಿಸಬಹುದಾದ ಚಿಕ್ಕ ಸ್ಲೈಡ್ ಕಂಪೌಂಡ್, ಅಡ್ಡಕ್ಕೆ ಸರಿಯುವ ಕ್ರಾಸ್ ಸ್ಲೈಡ್, ಬೆಡ್ ಮೇಲೆ ಉದ್ದಕ್ಕೆ ಜಾರುವ ಸ್ಯಾಡಲ್ ಅಂತ ಒಂದರ ಮೇಲೊಂದು ಜಾಯಿಂಟ್. ನಾನೂ ಮೊದಲು ಲೇತನ್ನು ಭಾರದ ಟೇಬಲ್‌ಗೆ ಬಿಗಿದು ನೋಡಿದ್ದೆ. ಟೇಬಲ್ ನಡುಗುವುದು ನಿಂತಿತು, ಜಾಬ್ (ಕಡೆಯುತ್ತಿರುವ ಲೋಹದ ತುಂಡು) ಮೇಲಿನ ಅಲೆ ಅಲೆ ಗೆರೆ ಹಾಗೇ ಉಳಿಯಿತು.

ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇರುವ, ಸಣ್ಣ ಅಲುಗಾಟವನ್ನೂ ಅಳೆಯುವ ಡಯಲ್ ಗೇಜ್ ಒಂದು ಬೇಕು. ಪ್ಲಗ್ ಕಿತ್ತು, ಸ್ಟ್ಯಾಂಡನ್ನು ಬೆಡ್ ಮೇಲೆ ಕೂರಿಸಿ, ಗೇಜಿನ ತುದಿಯನ್ನು ಟೂಲ್ ಪೋಸ್ಟ್ ತಲೆಗೆ ತಾಗಿಸಿ. ಟೂಲ್ ಮೇಲೆ ಮರದ ತುಂಡು ಇಟ್ಟು ಅಂಗೈಯಿಂದ ಗಟ್ಟಿಯಾಗಿ ಕೆಳಕ್ಕೆ ಒತ್ತಿ. ಆಮೇಲೆ ಗೇಜಿನ ತುದಿಯನ್ನು ಕ್ರಾಸ್ ಸ್ಲೈಡ್‌ಗೆ ಇಳಿಸಿ ಅಷ್ಟೇ ಬಲದಲ್ಲಿ ಒತ್ತಿ. ಆಮೇಲೆ ಸ್ಯಾಡಲ್‌ಗೆ. ನನ್ನದರಲ್ಲಿ ಟೂಲ್ ಪೋಸ್ಟ್ 0.12 ಎಂಎಂ ಇಳಿಯಿತು, ಕ್ರಾಸ್ ಸ್ಲೈಡ್ 0.04, ಸ್ಯಾಡಲ್ 0.03. ಅಂದರೆ 0.12ರಲ್ಲಿ 0.08, ಮೂರರಲ್ಲಿ ಎರಡು ಪಾಲು, ಇವೆರಡರ ನಡುವಿನ ಕಂಪೌಂಡ್‌ನಲ್ಲೇ ಇತ್ತು! ಇನ್ನೊಂದು ಗಮನಿಸಿ. ಕೈ ತೆಗೆದ ಕೂಡಲೇ ಮುಳ್ಳು ಸೊನ್ನೆಗೆ ಬಂದರೆ ಆ ಭಾಗ ಬಾಗುತ್ತಿದೆ. ಅಲ್ಲೇ ನಿಂತರೆ ಸಡಿಲ ಇದೆ. ಸಡಿಲಕ್ಕೆ ಮದ್ದು ಗಿಬ್ ಸ್ಕ್ರೂ, ಅಂದರೆ ಸ್ಲೈಡಿನ ಸಂದಿಯನ್ನು ಬಿಗಿ ಮಾಡುವ ಸ್ಕ್ರೂ. ಬಾಗುವುದಕ್ಕೆ ಸ್ಕ್ರೂ ತಿರುಗಿಸಿ ಏನೂ ಪ್ರಯೋಜನ ಇಲ್ಲ.

ಮಿನಿ ಲೇತ್‌ಗಳಲ್ಲಿ ಕಂಪೌಂಡ್ ಚಿಕ್ಕದು, ಡವ್‌ಟೇಲ್ (ಅದು ಜಾರುವ ಓರೆ ಅಂಚಿನ ದಾರಿ) ಕಿರಿದು, ಅದೂ ಎಲ್ಲದರ ಮೇಲೆ ಎತ್ತರದಲ್ಲಿ ಕೂತಿರುತ್ತದೆ. ಗಿಡ್ಡ ಟೇಪರ್ (ಒಂದು ಕಡೆಗೆ ಸಪೂರ ಆಗುವ ಆಕಾರ) ಹೊಡೆಯುವಾಗ ಬಿಟ್ಟರೆ ಅದರ ಕೆಲಸ ಕಡಿಮೆ. ಹಾಗಾಗಿ ಅದನ್ನು ಪೂರ್ತಿ ಬಿಚ್ಚಿಟ್ಟು, ಅದೇ ಎತ್ತರದ ಎಂಎಸ್ ಅಥವಾ ಬೀಡಿನ (ಎರಕದ ಕಬ್ಬಿಣದ) ಗಟ್ಟಿ ಬ್ಲಾಕ್ ಹಾಕಿ. ನನಗೆ ಗುಜರಿಯಲ್ಲಿ ಒಂದು ಬೀಡಿನ ತುಂಡು ಸಿಕ್ಕಿತು. ಮೇಲೆ ಕೆಳಗೆ ಎರಡೂ ಮುಖ ಮಿಲ್ಲಿಂಗ್ ಮಾಡಿಸಿ, ನಾಲ್ಕು ಬೋಲ್ಟ್‌ನಲ್ಲಿ ಕ್ರಾಸ್ ಸ್ಲೈಡ್‌ಗೆ ಬಿಗಿದೆ. ತಳ ಪೂರ್ತಿ ಕೂತಿದೆಯಾ ಅಂತ ತಾಗಿದ ಜಾಗ ತೋರಿಸುವ ನೀಲಿ ಬಣ್ಣ, ಮಾರ್ಕಿಂಗ್ ಬ್ಲೂ ಹಚ್ಚಿ ನೋಡಿ. ಮೂಲೆ ಮಾತ್ರ ತಾಗಿದ್ದರೆ ಬ್ಲಾಕ್ ಹಾಕಿಯೂ ದಂಡ.

ಮುಂದಿನದು ಸ್ಯಾಡಲ್ ಅಡಿಯ ಪಟ್ಟಿಗಳು. ಸ್ಯಾಡಲ್ ಬೆಡ್ ಬಿಟ್ಟು ಮೇಲೇಳದ ಹಾಗೆ ಹಿಡಿಯುವುದು ಇವೇ. ಸಣ್ಣ ಸ್ಕ್ರೂಗಳ ಮೇಲೆ ಅರೆಬರೆ ನೇತಾಡುತ್ತಿರುತ್ತವೆ. ಪಟ್ಟಿ ಮತ್ತು ಸ್ಯಾಡಲ್ ನಡುವೆ ತೆಳು ಹಿತ್ತಾಳೆ ಶಿಮ್ (ಸಂದಿ ತುಂಬುವ ತಗಡು) ಕೊಟ್ಟು ಬೋಲ್ಟನ್ನು ಪೂರ್ತಿ ಬಿಗಿಯಿರಿ. ಬಿಗಿದ ಮೇಲೂ ಸ್ಯಾಡಲ್ ಕೈಯಲ್ಲಿ ಸಲೀಸಾಗಿ ಜಾರಬೇಕು. ಶಿಮ್ ಬದಲಾಯಿಸುತ್ತಾ ಒಂದು ಭಾನುವಾರ ಪೂರ್ತಿ ಹೋಗುತ್ತದೆ, ಹೋಗಲಿ. ಇವೆರಡೂ ಆದ ಮೇಲೆ ನನ್ನ ಟೂಲ್ ಪೋಸ್ಟ್ ಇಳಿಯುವುದು 0.12ರಿಂದ 0.03 ಎಂಎಂಗೆ ಬಂತು. ಪಾರ್ಟಿಂಗ್ ಮಾಡುವಾಗ ಸ್ಯಾಡಲ್ ಲಾಕ್ ಮಾಡುವುದನ್ನು ಮರೆಯಬೇಡಿ.

ಪಾರ್ಟಿಂಗ್ ಬ್ಲೇಡ್ ಎಷ್ಟು ಹೊರಗಿದೆ ಅಂತಲೂ ನೋಡಿ. ಹೊರಚಾಚು ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು. 20 ಎಂಎಂ ರಾಡ್‌ಗೆ 12 ಎಂಎಂ ಚಾಚಿದರೆ ಸಾಕು. ರಾಡ್ ಹಿಡಿದು ತಿರುಗಿಸುವ ಚಕ್‌ನ ದವಡೆಗೆ ಆದಷ್ಟು ಹತ್ತಿರ ಕತ್ತರಿಸಿ. ಟೂಲ್ ತುದಿ ಸರಿಯಾಗಿ ಸೆಂಟರ್ ಎತ್ತರದಲ್ಲಿ, ಅಂದರೆ ರಾಡಿನ ನಡುಮಧ್ಯದ ಎತ್ತರದಲ್ಲಿರಲಿ. ಇಂಥ ಮೆಷಿನ್‌ಗೆ ಚೆನ್ನಾಗಿ ಸಾಣೆ ಹಿಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಒಳ್ಳೆಯದು. ಮೊಂಡು ಅಂಚಿನ ಕಾರ್ಬೈಡ್ ಜಾಸ್ತಿ ಒತ್ತಡ ಕೇಳುತ್ತದೆ.

ಚಕ್ ತಿರುಗಿಸುವ ದಂಡ, ಸ್ಪಿಂಡಲ್‌ಗೆ ಟೇಪರ್ ರೋಲರ್ ಬೇರಿಂಗ್ ಹಾಕಿ ಅಂತ ಹೇಳುವವರು ಇರುತ್ತಾರೆ. ಒಳ್ಳೆಯದೇ. ಆದರೆ 6206 ನಂಬರಿನ ಬಾಲ್ ಬೇರಿಂಗ್ ತೆಗೆದು 30206 ನಂಬರಿನ ಟೇಪರ್ ರೋಲರ್ ಹಾಕಿದರೆ ಅಗಲ ಒಂದು ಎಂಎಂಗಿಂತ ಜಾಸ್ತಿ ಆಗುತ್ತದೆ, ಸ್ಪೇಸರ್ ತಿದ್ದಬೇಕಾಗುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಕಾಂಕ್ರೀಟ್ ಯಾಕೆ ಬೇಡ ಅಂದರೆ, ಅದು ಒಣಗುವಾಗ ಕುಗ್ಗುತ್ತದೆ. ಬೀಡಿಗೆ ಅಂಟಿ ನಿಲ್ಲುತ್ತದೆ ಅಂತ ನಂಬುವ ಹಾಗಿಲ್ಲ. ನಡುವೆ ಸಂದಿ ಬಿಟ್ಟರೆ ನಿಮ್ಮ ಸಮುದ್ರದ ಗಾಳಿಗೆ ಒಳಗಿಂದಲೇ ತುಕ್ಕು. ಭಾರ ಬೇಕಿದ್ದರೆ ಅಡುಗೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ಚಪ್ಪಡಿ ತಂದು ಅದರ ಮೇಲೆ ಲೇತ್ ಕೂರಿಸಿ. ಬೋಲ್ಟ್ ಬಿಗಿಯುವ ಮೊದಲು ನಾಲ್ಕೂ ಕಾಲಿನ ಅಡಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ, ಸಂದಿ ಇದ್ದಲ್ಲಿ ಶಿಮ್ ಕೊಡಿ. ಹಾಗೇ ಎಳೆದು ಬಿಗಿದರೆ ಬೆಡ್ ತಿರುಚಿಕೊಂಡು, ನೇರ ಹೊಡೆದ ಜಾಬ್ ಕೂಡ ಟೇಪರ್ ಬರುತ್ತದೆ ಮಾರಾಯ್ರೆ.