ಟೈಟಲ್ ಮುಗಿದ ಮೇಲೂ ಕೂತವರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಒಬ್ಬರು "ಸೂಪರ್‌ಹೀರೋ ಸಿನಿಮಾಗಳು ಯಾಕೆ ಸಪ್ಪೆಯಾದವು?" ಅಂತ ಕೇಳಿದ್ದರು. "ಹೀರೋಗಳು ಜಾಸ್ತಿಯಾದರು, ಮನುಷ್ಯರು ಕಡಿಮೆಯಾದರು" ಅಂತ ಒಂದೇ ಸಾಲು ಬರೆದು ಜಾರಿಕೊಂಡಿದ್ದೆ. ಓದುಗರು ಬಿಡಲಿಲ್ಲ. ಬಂದ ಪತ್ರಗಳಲ್ಲಿ ಅರ್ಧ ಬೈಗುಳ, ಅರ್ಧ ಪ್ರಶ್ನೆ. ಬೈಗುಳ ನನ್ನ ಹತ್ತಿರವೇ ಇರಲಿ. ಪ್ರಶ್ನೆಗಳಿಗೆ ಈ ಸಲದ ಇಡೀ ಅಂಕಣ.

ಪ್ರ: 2008ರ 'ಐರನ್ ಮ್ಯಾನ್'ನಿಂದ 2019ರ 'ಎಂಡ್‌ಗೇಮ್' ತನಕ ಒಂದನ್ನೂ ಬಿಡದೆ ನೋಡಿದವನು ನಾನು. ಆಮೇಲೆ ಬಂದ ಯಾವುದನ್ನೂ ಪೂರ್ತಿ ನೋಡೋಕಾಗುತ್ತಿಲ್ಲ. ಸಿನಿಮಾ ಕೆಟ್ಟಿದೆಯಾ, ನನಗೇ ವಯಸ್ಸಾಯಿತಾ?

ಉ: ಹನ್ನೊಂದು ವರ್ಷ ನೋಡಿದ್ದೀರಿ ಸಾರ್, ವಯಸ್ಸಾಗದೆ ಇರುತ್ತಾ? ಆದರೆ ತಪ್ಪು ಪೂರ್ತಿ ನಿಮ್ಮದಲ್ಲ.

'ಎಂಡ್‌ಗೇಮ್' ಗಳಿಸಿದ್ದು ಸುಮಾರು 280 ಕೋಟಿ ಡಾಲರ್. ಅಷ್ಟೊಂದು ಜನ ಹೋಗಿದ್ದು ಒಂದು ದೊಡ್ಡ ಕಥೆ ಮುಗಿಯುತ್ತೆ ಅಂತ. ಮುಗಿಯಿತು ಕೂಡ. ಐರನ್ ಮ್ಯಾನ್ ಆಗಿದ್ದ ಟೋನಿ ಸ್ಟಾರ್ಕ್ ಸತ್ತ, ಕ್ಯಾಪ್ಟನ್ ಅಮೆರಿಕಾ ಮುದುಕನಾಗಿ ಬೆಂಚಿನ ಮೇಲೆ ಕೂತ, ಜನ ಕಣ್ಣೊರೆಸಿಕೊಂಡು ಎದ್ದರು. ಹಾಗೆ ಎದ್ದು ಹೋದವರನ್ನು ಮತ್ತೆ ಕರೆತರೋದು ಎಷ್ಟು ಕಷ್ಟ ಅಂತ ಈ ಸಿನಿಮಾಗಳನ್ನು ಮಾಡೋ ಮಾರ್ವೆಲ್‌ನವರು ಯೋಚಿಸಿದ ಹಾಗೆ ಕಾಣೋದಿಲ್ಲ. 2008ರಿಂದ 2012ರವರೆಗೆ ಅವರು ಮಾಡಿದ್ದು ಆರೇ ಆರು ಸಿನಿಮಾ. 2021 ಮತ್ತು 2022, ಈ ಎರಡೇ ವರ್ಷದಲ್ಲಿ ಏಳು ಸಿನಿಮಾ, ಜೊತೆಗೆ ಡಿಸ್ನಿ ಪ್ಲಸ್‌ನಲ್ಲಿ ಎಂಟು ಸೀರೀಸ್! ನೋಡೋರಿಗೂ ಬೇರೆ ಕೆಲಸ ಇರುತ್ತೆ ಅಲ್ವಾ?

ಸಂಖ್ಯೆಗಿಂತ ದೊಡ್ಡ ತೊಂದರೆ ಇನ್ನೊಂದಿದೆ. 2023ರ 'ದಿ ಮಾರ್ವೆಲ್ಸ್' ತಗೊಳ್ಳಿ. ಅದರಲ್ಲಿ ಮೂವರು ನಾಯಕಿಯರು. ಒಬ್ಬಳು 2019ರ 'ಕ್ಯಾಪ್ಟನ್ ಮಾರ್ವೆಲ್' ಸಿನಿಮಾದವಳು. ಎರಡನೆಯವಳಿಗೆ ಶಕ್ತಿ ಬಂದದ್ದು ಹೇಗೆ ಅಂತ ತಿಳಿಯಬೇಕಾದರೆ 'ವಾಂಡಾವಿಷನ್' ಸೀರೀಸ್ ನೋಡಿರಬೇಕು. ಮೂರನೆಯವಳು ಯಾರು ಅನ್ನೋಕೆ 'ಮಿಸ್ ಮಾರ್ವೆಲ್' ಅನ್ನೋ ಇನ್ನೊಂದು ಸೀರೀಸ್. ಸಿನಿಮಾಕ್ಕೆ ಹೋಗೋ ಮುಂಚೆ ಹೋಮ್‌ವರ್ಕ್ ಮಾಡಿಕೊಂಡು ಬನ್ನಿ ಅಂದರೆ ದೊಡ್ಡವರು ಯಾಕೆ ಹೋಗುತ್ತಾರೆ? 'ಕ್ಯಾಪ್ಟನ್ ಮಾರ್ವೆಲ್' 113 ಕೋಟಿ ಡಾಲರ್ ಗಳಿಸಿದ್ದರೆ, ಇದು 20 ಕೋಟಿ ಚಿಲ್ಲರೆಗೆ ನಿಂತಿತು. ಹಾಗಂತ ಎಲ್ಲ ತಪ್ಪನ್ನೂ ಈ ಸಿನಿಮಾದ ತಲೆಗೆ ಕಟ್ಟೋದೂ ನ್ಯಾಯವಲ್ಲ. ಮೊದಲನೆಯದು 'ಎಂಡ್‌ಗೇಮ್'ಗೆ ಇನ್ನೇನು ಒಂದೂವರೆ ತಿಂಗಳಿದೆ ಅನ್ನುವಾಗ, ಎಲ್ಲರೂ ತುದಿಗಾಲಲ್ಲಿ ನಿಂತಿದ್ದಾಗ ಬಂದದ್ದು. ಎರಡನೆಯದು ಬರುವ ಹೊತ್ತಿಗೆ ಹಾಲಿವುಡ್ ನಟರ ಮುಷ್ಕರ ಆಗಷ್ಟೇ ಮುಗಿದಿತ್ತು, ಪ್ರಚಾರಕ್ಕೆ ನಟಿಯರೇ ಇರಲಿಲ್ಲ.

ಜಾಸ್ತಿ ಮಾಡಲು ಹೋಗಿ ಗಮನ ಚದುರಿತು ಅಂತ ಮಾರ್ವೆಲ್‌ನ ಒಡೆಯ ಕಂಪನಿ ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ 2023ರಲ್ಲಿ ಒಪ್ಪಿಕೊಂಡರು. ಮರುವರ್ಷ, ಇನ್ನು ಮೇಲೆ ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಿನಿಮಾ ಅಂದರು. ಹಾಗಾಗಿ ಸಾರ್, ನೀವು ಕನ್ನಡಕ ಬದಲಿಸೋದು ಬೇಡ.

ಪ್ರ: ಗ್ರಾಫಿಕ್ಸ್ ಮೊದಲಿಗಿಂತ ಎಷ್ಟೋ ಮುಂದುವರಿದಿದೆ ಅಂತಾರೆ. ಆದರೂ ಹಳೆಯ ಸಿನಿಮಾಗಳೇ ನಿಜ ಅನ್ನಿಸುತ್ತವೆ. ಯಾಕೆ?

ಉ: ನನಗೆ ತುಂಬ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

2015ರ 'ಆಂಟ್ ಮ್ಯಾನ್' ಕೊನೆಯ ಹೊಡೆದಾಟ ನಡೆಯೋದು ಒಂದು ಪುಟ್ಟ ಹುಡುಗಿಯ ರೂಮಿನಲ್ಲಿ. ಹೀರೋ, ವಿಲನ್ ಇಬ್ಬರೂ ಇರುವೆ ಗಾತ್ರ ಆಗಿದ್ದಾರೆ. ನೆಲದ ಮೇಲೆ ಆಟದ ರೈಲು ಓಡುತ್ತಿದೆ. ಅವರ ಕಣ್ಣಲ್ಲಿ ಅದು ನಿಜವಾದ ಭಯಂಕರ ರೈಲು, ಮೈಮೇಲೆ ಬರುತ್ತಿದೆ, ಸಂಗೀತ ಏರುತ್ತಿದೆ, ಇನ್ನೇನು ಗುದ್ದಿತು ಅನ್ನುವಾಗ ಕ್ಯಾಮೆರಾ ಹಿಂದೆ ಸರಿದು ಇಡೀ ರೂಮು ತೋರಿಸುತ್ತೆ. ಏನಾಗಿದೆ ಅಂದರೆ, ಒಂದು ಪ್ಲಾಸ್ಟಿಕ್ ಆಟಿಕೆ 'ಟಕ್' ಅಂತ ಹಳಿ ತಪ್ಪಿ ಪಕ್ಕಕ್ಕೆ ಬಿದ್ದಿದೆ. ಅಷ್ಟೇ! ಥಿಯೇಟರ್ ಪೂರ್ತಿ ನಗು. ಆ ನಗು ಬಂದದ್ದು ಯಾಕೆ? ಮಗುವಿನ ರೂಮು ಎಷ್ಟು ದೊಡ್ಡದಿರುತ್ತೆ, ಆಟದ ರೈಲು ಎಷ್ಟು ಹಗುರ ಇರುತ್ತೆ ಅಂತ ನಮಗೆಲ್ಲ ಗೊತ್ತಿದೆ. ಅಳತೆಗೆ ನಮಗೆ ಗೊತ್ತಿರೋ ಒಂದು ವಸ್ತು ಅಲ್ಲಿತ್ತು.

ಅದೇ ಹೀರೋನ ಮೂರನೆಯ ಸಿನಿಮಾ 'ಕ್ವಾಂಟಮೇನಿಯಾ' 2023ರಲ್ಲಿ ಬಂತು. ಈ ಸಲ ಎಲ್ಲರನ್ನೂ ಅಣುವಿಗಿಂತ ಚಿಕ್ಕ ಲೋಕಕ್ಕೆ ಕಳಿಸಿಬಿಟ್ಟರು. ಅಲ್ಲಿ ಆಕಾಶ ವಿಚಿತ್ರ, ಪ್ರಾಣಿ ವಿಚಿತ್ರ, ಕಟ್ಟಡಗಳು ವಿಚಿತ್ರ. ಎಲ್ಲವೂ ಕಂಪ್ಯೂಟರಲ್ಲಿ ಬರೆದದ್ದು. ಸರಿ, ಆದರೆ ಆ ಲೋಕದಲ್ಲಿ ನಮ್ಮ ಹೀರೋ ಚಿಕ್ಕವನಾ, ದೊಡ್ಡವನಾ? ಯಾವುದಕ್ಕೆ ಹೋಲಿಸಿ ಹೇಳೋದು? ಚಿಕ್ಕವನಾಗೋದೇ ಅವನ ಮುಖ್ಯ ವಿದ್ಯೆ. ಅದನ್ನೇ ಕಿತ್ತುಕೊಂಡ ಮೇಲೆ ಉಳಿದದ್ದು ಬಣ್ಣದ ಗದ್ದಲ. ಅದು ಮೊದಲ ಸಿನಿಮಾದಷ್ಟೂ ಗಳಿಸಲಿಲ್ಲ.

ಇಲ್ಲಿ ಗ್ರಾಫಿಕ್ಸ್ ಮಾಡುವವರನ್ನು ಮಾತ್ರ ದಯವಿಟ್ಟು ಬೈಯಬೇಡಿ. ಬಿಡುಗಡೆ ಹತ್ತಿರ ಬಂದ ಮೇಲೂ ದೃಶ್ಯ ಬದಲಿಸಿ ಅಂತ ಮೇಲಿನಿಂದ ಹೇಳಿದರೆ ರಾತ್ರಿಯೆಲ್ಲ ಕೂರೋರು ಅವರು. ಸಾಕಾಗಿಹೋಗಿ 2023ರ ಸೆಪ್ಟೆಂಬರಿನಲ್ಲಿ ಮಾರ್ವೆಲ್‌ನ ವಿಎಫ್‌ಎಕ್ಸ್ (ಗ್ರಾಫಿಕ್ಸ್) ಕೆಲಸಗಾರರು ಯೂನಿಯನ್ ಕಟ್ಟಲು ಮತ ಹಾಕಿದರು.

ಪ್ರ: ಅಂಕಲ್, ಸೂಪರ್‌ಹೀರೋಗಳು ಸತ್ತರೂ ಯಾಕೆ ಸಾಯೋದಿಲ್ಲ?

ಉ: ಕಾಂಟ್ರ್ಯಾಕ್ಟ್ ಬಾಕಿ ಇರುತ್ತೆ ಮರಿ.

ತಮಾಷೆ ಬಿಡು. ಮಾರ್ವೆಲ್ ವಿಲನ್ ಲೋಕಿ 2018ರಲ್ಲಿ ಸತ್ತ, 2021ರಲ್ಲಿ ಅವನ ಹೆಸರಿನದೇ ಸೀರೀಸ್ ಬಂತು. ಟೋನಿ ಸ್ಟಾರ್ಕ್ ಆಗಿ ಸತ್ತ ರಾಬರ್ಟ್ ಡೌನಿ ಜೂನಿಯರ್ ಡಾಕ್ಟರ್ ಡೂಮ್ ಅನ್ನೋ ವಿಲನ್ ಆಗಿ ಬರುತ್ತಾರೆ ಅಂತ 2024ರಲ್ಲಿ ಘೋಷಣೆಯಾಯಿತು. ಮಲ್ಟಿವರ್ಸ್ ಅಂತ ಒಂದು ಬಾಗಿಲು ತೆರೆದಿಟ್ಟಿದ್ದಾರೆ, ಈ ಲೋಕದಲ್ಲಿ ಸತ್ತರೆ ಪಕ್ಕದ ಲೋಕದಿಂದ ಇನ್ನೊಬ್ಬನನ್ನು ಕರೆಸಿದರಾಯಿತು. ಬರೆಯೋರಿಗೆ ಆರಾಮ. ನೋಡೋರು ಮಾತ್ರ ಅಳೋದನ್ನು ನಿಲ್ಲಿಸಿಬಿಡುತ್ತಾರೆ, ಹೇಗೂ ಬರ್ತಾನಲ್ಲ, ಸುಮ್ನೆ ಯಾಕೆ ಅಳೋದು ಅಂತ.

ಆದರೆ ಇಲ್ಲೊಂದು ಗಂಟಿದೆ. 2017ರ 'ಲೋಗನ್'ನಲ್ಲಿ ವುಲ್ವರಿನ್ ಸತ್ತಾಗ ನಾನು ನಿಜಕ್ಕೂ ಅತ್ತಿದ್ದೆ. 2024ರಲ್ಲಿ 'ಡೆಡ್‌ಪೂಲ್ ಅಂಡ್ ವುಲ್ವರಿನ್' ಬಂತು. ಶುರುವಿನಲ್ಲೇ ಡೆಡ್‌ಪೂಲ್ ಹೋಗಿ ಅದೇ ಸಮಾಧಿ ಅಗೆಯುತ್ತಾನೆ, ಒಳಗಿನ ಅಸ್ಥಿಪಂಜರ ಎತ್ತಿಕೊಂಡು ಆ ಮೂಳೆಗಳಲ್ಲೇ ಹೊಡೆದಾಡುತ್ತಾನೆ! ನನ್ನ ವಾದದ ಪ್ರಕಾರ ಜನ ಎದ್ದು ಹೋಗಬೇಕಿತ್ತು. ಹೋಗಲಿಲ್ಲ, 130 ಕೋಟಿ ಡಾಲರ್ ದಾಟಿಸಿದರು. ಯಾಕೆ? ನಾವು ಸತ್ತವನನ್ನು ದುಡ್ಡಿಗಾಗಿ ಎಬ್ಬಿಸುತ್ತಿದ್ದೇವೆ ಅಂತ ಆ ಸಿನಿಮಾ ಮುಖಕ್ಕೆ ಮುಖ ಕೊಟ್ಟು ಹೇಳಿತು, ಅದನ್ನೇ ಜೋಕ್ ಮಾಡಿತು. ಹೇಳಿ ಮಾಡೋ ಕಿತಾಪತಿಗೆ ಜನ ನಗುತ್ತಾರೆ. ಆದರೆ ಅದು ಒಂದು ಸಲ ನಡೆಯೋ ಆಟ ಅಂತ ನನ್ನ ಅನುಮಾನ.

ಪ್ರ: ಮಾರ್ವೆಲ್ ಮಾಡಿದ್ದನ್ನೇ ಡಿಸಿಯವರೂ ಮಾಡಿದರು. ಅವರಿಗೆ ಯಾಕೆ ಕೈ ಹತ್ತಲಿಲ್ಲ? ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಇಬ್ಬರೂ ಅವರ ಹತ್ತಿರವೇ ಇದ್ದರಲ್ಲ?

ಉ: ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು, ಅದಕ್ಕೆ.

2014ರ ಅಕ್ಟೋಬರಿನಲ್ಲಿ ಡಿಸಿ ಸಿನಿಮಾಗಳನ್ನು ತೆಗೆಯೋ ವಾರ್ನರ್ ಬ್ರದರ್ಸ್ 2020ರವರೆಗಿನ ಹತ್ತು ಸಿನಿಮಾಗಳ ಪಟ್ಟಿಯನ್ನೇ ಓದಿಬಿಟ್ಟಿತು. ಅದರಲ್ಲಿದ್ದ 'ಸೈಬೋರ್ಗ್' ಇವತ್ತಿಗೂ ತಯಾರಾಗಿಲ್ಲ. 2016ರ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್'ನಲ್ಲಿ ಕಥೆ ಕಾವೇರುತ್ತಿರುವಾಗ ವಂಡರ್ ವುಮನ್ ಲ್ಯಾಪ್‌ಟಾಪ್ ತೆಗೆದು ಒಂದು ಇಮೇಲ್ ನೋಡುತ್ತಾಳೆ. ಅದರಲ್ಲಿ ಫ್ಲ್ಯಾಶ್, ಆಕ್ವಾಮ್ಯಾನ್, ಸೈಬೋರ್ಗ್ ಮೂವರ ಒಂದೊಂದು ವಿಡಿಯೋ. ಅಂದರೆ ಮುಂದಿನ ಸಿನಿಮಾಗಳ ಜಾಹೀರಾತನ್ನು ಈ ಸಿನಿಮಾದ ಮಧ್ಯೆ ಕೂರಿಸಿದ್ದಾರೆ.

'ಐರನ್ ಮ್ಯಾನ್' ನೆನಪು ಮಾಡಿಕೊಳ್ಳಿ. ಅಲ್ಲೂ ಮುಂದಿನ ಕಥೆಯ ಸುಳಿವು ಇತ್ತು, ಹೀರೋಗಳನ್ನು ಒಟ್ಟು ಸೇರಿಸೋ ನಿಕ್ ಫ್ಯೂರಿ ಬಂದು ಟೋನಿ ಜೊತೆ ಮಾತಾಡುತ್ತಾನೆ. ಎಲ್ಲಿ? ಕೊನೆಗೆ ಓಡೋ ಹೆಸರುಗಳು, ಅಂದರೆ ಟೈಟಲ್ ಎಲ್ಲ ಮುಗಿದ ಮೇಲೆ. ನಿಮ್ಮ ಸಿನಿಮಾ ಮುಗಿದಿದೆ, ಇಷ್ಟ ಇದ್ದರೆ ಒಂದು ನಿಮಿಷ ಕೂರಿ ಅನ್ನೋ ಮರ್ಯಾದೆ ಅದು. ಆ ಮರ್ಯಾದೆಗೂ ಒಂದು ಕಾರಣ ಇತ್ತು. ಮಾರ್ವೆಲ್ 2005ರಲ್ಲಿ ತನ್ನ ಕೆಲವು ಪಾತ್ರಗಳ ಹಕ್ಕನ್ನೇ ಅಡವಿಟ್ಟು, ಸ್ವಂತ ಸಿನಿಮಾ ಮಾಡಲು 52.5 ಕೋಟಿ ಡಾಲರ್ ಸಾಲದ ಏರ್ಪಾಡು ಮಾಡಿಕೊಂಡಿತ್ತು. ಮೊದಲ ಸಿನಿಮಾಗಳು ತಮ್ಮ ಕಾಲ ಮೇಲೆ ನಿಲ್ಲದಿದ್ದರೆ ಮುಂದಿನವುಗಳ ಮಾತೇ ಇರಲಿಲ್ಲ. ಸಾಲ ತಲೆ ಮೇಲಿದ್ದಾಗ ಕಥೆ ಮೇಲೆ ಗಮನ ಇತ್ತು. ಟೈಟಲ್ ಆದಮೇಲೆ ಇದ್ದ ಆ ಒಂದು ನಿಮಿಷ ನಿಧಾನಕ್ಕೆ ಸಿನಿಮಾದ ಒಳಗೇ ನುಗ್ಗಿ ಕೂತದ್ದು ಆಮೇಲಿನ ಕಥೆ.

ಪ್ರ: ನನ್ನ ಮಗನಿಗೆ ಒಂಬತ್ತು ವರ್ಷ. ಎಲ್ಲ ಸಿನಿಮಾ ಯಾವ ಕ್ರಮದಲ್ಲಿ ತೋರಿಸಬೇಕು? ಪಟ್ಟಿ ಕೊಡಿ.

ಉ: ಮೇಡಂ, ಪಟ್ಟಿ ಬೇಕಾಗಿದೆ ಅನ್ನೋದೇ ರೋಗ. ಕೊಡೋದಿಲ್ಲ. 2004ರ 'ಸ್ಪೈಡರ್ ಮ್ಯಾನ್ 2' ಹಾಕಿ, ನೀವೂ ಪಕ್ಕದಲ್ಲಿ ಕೂರಿ. ಶುರುವಿನಲ್ಲೇ ಪೀಟರ್ ಪಾರ್ಕರ್ ಪಿಜ್ಜಾ ಡೆಲಿವರಿಗೆ ತಡವಾಗಿ ಓಡುತ್ತಾನೆ. ಗೋಡೆ ಹತ್ತಿ, ಕಿಟಕಿಯಿಂದ ಪೊರಕೆ ಇಡೋ ಚಿಕ್ಕ ಕೋಣೆಗೆ ಇಳಿದು, ಬಟ್ಟೆ ಬದಲಿಸಿ ಬಾಗಿಲು ತೆಗೆದರೆ ಪೊರಕೆಗಳು ಜೊತೆಗೇ ಬೀಳುತ್ತವೆ. ಒಳಗೆ ತಳ್ಳುತ್ತಾನೆ, ಮತ್ತೆ ಬೀಳುತ್ತವೆ. ರಿಸೆಪ್ಷನ್‌ನಲ್ಲಿ ಕೂತ ಹುಡುಗಿ ಸುಮ್ಮನೆ ನೋಡುತ್ತಿರುತ್ತಾಳೆ. ಕೊನೆಗೆ ತಡವಾಯಿತು ಅಂತ ದುಡ್ಡೂ ಕೊಡೋದಿಲ್ಲ! ಊರು ಕಾಯೋನಿಗೆ ಪೊರಕೆ ಸಂಭಾಳಿಸೋಕಾಗಲ್ಲ. ಇದನ್ನು ನೋಡಿ ನಗದ ಮಗು ಇಲ್ಲ, ಅಯ್ಯೋ ಅನ್ನದ ದೊಡ್ಡವರೂ ಇಲ್ಲ. 2021ರ 'ನೋ ವೇ ಹೋಮ್' 190 ಕೋಟಿ ಡಾಲರ್ ಗಳಿಸಿತಲ್ಲ, ಹಳೆಯ ಸ್ಪೈಡರ್ ಮ್ಯಾನ್‌ಗಳು ಬಂದರು ಅನ್ನೋದಷ್ಟೇ ಕಾರಣ ಅಂತ ನನಗನ್ನಿಸೋದಿಲ್ಲ. ಕೊನೆಯಲ್ಲಿ ಯಾರಿಗೂ ಪೀಟರ್‌ನ ನೆನಪಿಲ್ಲ, ಬಾಡಿಗೆ ರೂಮಿನಲ್ಲಿ ಒಬ್ಬನೇ ಕೂತು ತನ್ನ ಡ್ರೆಸ್ ತಾನೇ ಹೊಲಿದುಕೊಳ್ಳುತ್ತಾನೆ. ಮತ್ತೆ ಅದೇ ಪೊರಕೆ ಕೋಣೆಯ ಹುಡುಗ.

ಪ್ರ: ಒಪ್ಪಿಕೊಳ್ಳಿ, ಸೂಪರ್‌ಹೀರೋ ಕಾಲ ಮುಗಿಯಿತು.

ಉ: ಈ ಮಾತು 1997ರಲ್ಲೂ ಹೇಳಿದ್ದರು. ಆ ವರ್ಷ 'ಬ್ಯಾಟ್‌ಮ್ಯಾನ್ ಅಂಡ್ ರಾಬಿನ್' ಬಂದು ಎಷ್ಟು ಮಾನ ಹೋಯಿತು ಅಂದರೆ ಎಂಟು ವರ್ಷ ಬ್ಯಾಟ್‌ಮ್ಯಾನ್ ಪರದೆಗೆ ಬರಲಿಲ್ಲ. 2005ರಲ್ಲಿ ಬೇರೆ ನಿರ್ದೇಶಕ, ಬೇರೆ ನಟ, ಬೇರೆಯದೇ ಧಾಟಿ. ಮೂರು ವರ್ಷಕ್ಕೆ 'ದಿ ಡಾರ್ಕ್ ನೈಟ್', ಮುಂದೆ ಅದರಲ್ಲಿ ವಿಲನ್ ಜೋಕರ್ ಆಗಿದ್ದ ಹೀತ್ ಲೆಡ್ಜರ್‌ಗೆ ಸತ್ತ ಮೇಲೆ ಆಸ್ಕರ್. ಹೀರೋ ಅದೇ ಬ್ಯಾಟ್‌ಮ್ಯಾನ್ ಅಲ್ವಾ? ಹಾಗೆಯೇ ಹೆಸರೊಂದೇ ಸಾಕು ಅನ್ನೋರಿಗೂ ಪಾಠ ಆಗಿದೆ. 'ಜೋಕರ್' 2019ರಲ್ಲಿ 100 ಕೋಟಿ ಡಾಲರ್ ದಾಟಿತು, ಅದೇ ನಿರ್ದೇಶಕ, ಅದೇ ನಟ ಮಾಡಿದ ಎರಡನೆಯದು 2024ರಲ್ಲಿ 20 ಕೋಟಿ ಆಸುಪಾಸಿನಲ್ಲಿ ಕುಸಿಯಿತು.

ಪ್ರ: ಇಷ್ಟೆಲ್ಲ ಬೈಯುತ್ತೀರಿ. ನಿಜ ಹೇಳಿ, ಈಗಲೂ ಟೈಟಲ್ ಮುಗಿಯೋ ತನಕ ಕೂರುತ್ತೀರಾ?

ಉ: ಕೂರುತ್ತೇನೆ. ಲೈಟ್ ಹಾಕಿ, ಕಸ ಗುಡಿಸೋರು ಬಂದು ದುರುಗುಟ್ಟಿದರೂ ಏಳೋದಿಲ್ಲ. 2025ರ 'ಸೂಪರ್‌ಮ್ಯಾನ್'ಗೂ ಹಾಗೇ ಕೂತಿದ್ದೆ, ಯಾವ ಹೊಸ ವಿಲನ್ ಬರ್ತಾನೋ, ಯಾವ ಸಿನಿಮಾ ಮಾರ್ತಾರೋ ಅಂತ. ಯಾರೂ ಬರಲಿಲ್ಲ. ಸೂಪರ್‌ಮ್ಯಾನ್ ಮತ್ತು ಮಿಸ್ಟರ್ ಟೆರಿಫಿಕ್ ಅನ್ನೋ ಇನ್ನೊಬ್ಬ ಹೀರೋ ಒಂದು ಕಟ್ಟಡದ ಮುಂದೆ ನಿಂತಿದ್ದಾರೆ. ಸೀಳಿದ ಕಟ್ಟಡವನ್ನು ಮತ್ತೆ ಜೋಡಿಸಿದ್ದು ಸ್ವಲ್ಪ ಆಚೀಚೆ ಆಗಿದೆ ಅಂತ ಸೂಪರ್‌ಮ್ಯಾನ್ ತಪ್ಪು ತೆಗೆಯುತ್ತಾನೆ, ಇನ್ನೊಬ್ಬನಿಗೆ ಸಿಟ್ಟು ಬಂದು ಹೊರಟುಹೋಗುತ್ತಾನೆ. ಇಷ್ಟೇ. ಕಸ ಗುಡಿಸೋರ ಬೈಗುಳ ತಿಂದದ್ದು ಸಾರ್ಥಕ ಅನ್ನಿಸಿತು.