ಇನ್ಸುಲಿನ್ ಮಾತ್ರೆ ಯಾಕಿಲ್ಲ, ಸೆಮಾಗ್ಲುಟೈಡ್ ಮಾತ್ರೆ ಹೇಗೆ ಬಂತು?

ಇನ್ಸುಲಿನ್‌ನಂತೆ ಸೆಮಾಗ್ಲುಟೈಡ್ ಕೂಡ ಮಧುಮೇಹದ ಔಷಧ. ಎರಡೂ ಅಮೈನೊ ಆಮ್ಲಗಳ ಸರಪಳಿಗಳೇ: ಇನ್ಸುಲಿನ್‌ನಲ್ಲಿ 51, ಸೆಮಾಗ್ಲುಟೈಡ್‌ನಲ್ಲಿ 31. ನುಂಗಿದ ಇನ್ಸುಲಿನ್ ಬೇಳೆಯ ಪ್ರೋಟೀನಿನಂತೆ ಜೀರ್ಣವಾಗಿ ಹೋಗುತ್ತದೆ, ಅಷ್ಟೆ.

ಇನ್ಸುಲಿನ್ ಸ್ರವಿಕೆ ಹೆಚ್ಚಿಸುವ, ನಮ್ಮ ದೇಹದ್ದೇ ಆದ ಹಾರ್ಮೋನು ಜಿಎಲ್‌ಪಿ-1 ರಕ್ತದಲ್ಲಿ ಸುಮಾರು 2 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಡಿಪಿಪಿ-4 ಕಿಣ್ವ ಅದರ ತುದಿಯನ್ನು ಕತ್ತರಿಸುತ್ತದೆ. ಅದೇ ನಕ್ಷೆಯ ಸೆಮಾಗ್ಲುಟೈಡ್‌ನಲ್ಲಿ ಕತ್ತರಿ ಬೀಳುವ ಜಾಗದ ಅಮೈನೊ ಆಮ್ಲವನ್ನು ಬದಲಿಸಿ, ಕೊಬ್ಬಿನಾಮ್ಲದ ಬಾಲ ಜೋಡಿಸಿದ್ದಾರೆ. ಬಾಲ ರಕ್ತದ ಪ್ರೋಟೀನಾದ ಅಲ್ಬುಮಿನ್‌ಗೆ ಅಂಟಿಕೊಳ್ಳುವುದರಿಂದ ಅರ್ಧಾಯುಷ್ಯ (ಅರ್ಧಕ್ಕಿಳಿಯುವ ಅವಧಿ) ಸುಮಾರು ಒಂದು ವಾರ.

ಸೆಮಾಗ್ಲುಟೈಡ್ ಮಾತ್ರೆಯಲ್ಲಿರುವ ಸ್ನ್ಯಾಕ್ (SNAC) ಎಂಬ ಲವಣ ಸುತ್ತಲಿನ ಆಮ್ಲೀಯತೆ ತಗ್ಗಿಸಿ, ಜಠರದಲ್ಲೇ ಹೀರಿಕೆಗೆ ದಾರಿ ಮಾಡುತ್ತದೆ. ಆದರೂ ರಕ್ತ ಸೇರುವುದು ಶೇ. 1ರ ಆಸುಪಾಸು ಮಾತ್ರ; ಸೇರಿದ್ದು ಬಹುಕಾಲ ಉಳಿಯುವುದರಿಂದ ಅಷ್ಟೇ ಸಾಕಾಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 120 ಮಿ.ಲೀ. ಮೀರದ ನೀರಿನ ಜತೆ ನುಂಗಬೇಕು, ಅಗಿಯಬಾರದು. ಮುಂದಿನ ಅರ್ಧ ಗಂಟೆ ಕಾಫಿಯೂ ಬೇಡ. ಕುಡಿದರೆ ಆ ಚೂರು ಹೀರಿಕೆಯೂ ಕುಸಿಯುತ್ತದೆ.