ರಾಜಿಗೂ ವಕೀಲರು ಬೇಕು

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಕೋರ್ಟಿಗೆ ಹೋಗದೆ, ತಾವೇ ಮಧ್ಯಸ್ಥರನ್ನು ಹಿಡಿದು ರಾಜಿಯಾಗುವವರಿಗೂ ಸರ್ಕಾರ ವಕೀಲರ ಫೀಸು ಕಟ್ಟಬೇಕೇ? ಅದು ಅವರ ಮನೆ ವಿಷಯ ಅಲ್ವಾ?’

ಕಟ್ಟಲೇಬೇಕು. ವಕೀಲರು ಬಂದರೆ ರಾಜಿ ಎಳೆದಾಡುತ್ತದೆ ಎಂಬ ಅಳುಕು ಸುಳ್ಳಲ್ಲ, ಅಂಥವರೂ ಇದ್ದಾರೆ. ಆದರೆ ಹಳ್ಳಿಯಲ್ಲಿ ಹಿಸ್ಸೆ ಆಗುವುದನ್ನು ನೀವೂ ನೋಡಿರುತ್ತೀರಿ. ಅಣ್ಣ ಮೊದಲೇ ಪೇಟೆಯ ವಕೀಲರನ್ನು ಕೇಳಿಕೊಂಡು ಬಂದಿರುತ್ತಾನೆ. ತಂಗಿಗೆ ತವರಿನ ಬಾಗಿಲು ಮುಚ್ಚೀತು ಎಂಬ ಭಯ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಅವಳಿಗೂ ಸಮಪಾಲಿದೆ ಎಂದು ಆ ಹೊತ್ತಿನಲ್ಲಿ ಹೇಳುವವರು ಯಾರು? ಮಧ್ಯಸ್ಥರು ಒಬ್ಬರ ಪರ ನಿಂತು ಸಲಹೆ ಕೊಡುವಂತಿಲ್ಲ.

ಇಂಥ ಮಾತುಕತೆಗೆ ಕಾನೂನಿನ ಬಲ ಕೊಡಲೆಂದೇ 2023ರ ಮಧ್ಯಸ್ಥಿಕೆ ಕಾಯ್ದೆ ಬಂದಿದೆ. ಓದಿ ನೋಡಿ. ಬೇರೆ ಮಾತಾಗಿಲ್ಲದಿದ್ದರೆ ಖರ್ಚು ಇಬ್ಬರಿಗೂ ಸಮಪಾಲು. ಎಕರೆಗಟ್ಟಲೆ ತೋಟ ಇರುವವನಿಗೂ ಅಷ್ಟೇ, ಕೂಲಿಗೆ ಹೋಗುವವಳಿಗೂ ಅಷ್ಟೇ! ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ. ಅದನ್ನು ಪ್ರಶ್ನಿಸಲು ಮೋಸ, ಭ್ರಷ್ಟಾಚಾರ, ಇನ್ನೊಬ್ಬರ ಸೋಗು ಹಾಕಿದ್ದು, ಇಂಥ ಕೆಲವೇ ಕಾರಣ ಕೊಟ್ಟಿದ್ದಾರೆ. ‘ನನಗೆ ಗೊತ್ತಿರಲಿಲ್ಲ’ ಎಂಬುದು ಆ ಪಟ್ಟಿಯಲ್ಲಿಲ್ಲ.

ಉಚಿತ ನೆರವು ಇದೆಯಲ್ಲ ಅಂತೀರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ, ಸಂತೋಷ. ಆದರೆ 12ನೇ ಕಲಂ ಮಾತಾಡುವುದು ಕೇಸು ಹಾಕಬೇಕಾದವರ, ಎದುರಿಸಬೇಕಾದವರ ಬಗ್ಗೆ. ಸಲಹೆ ಸಿಗುತ್ತದೆ. ಖಾಸಗಿ ಮಧ್ಯಸ್ಥಿಕೆಯಲ್ಲಿ ಪಕ್ಕದಲ್ಲಿ ಕೂರುವ ವಕೀಲರ ಫೀಸಿನ ಮಾತು ಅಲ್ಲಿ ಸ್ಪಷ್ಟವಾಗಿ ಇಲ್ಲ. ಕೇಸು ಹಾಕಿದರೆ ನೆರವು, ರಾಜಿಗೆ ಕೂತರೆ ಇಲ್ಲ ಅಂದರೆ ಬಡವರನ್ನು ಕೋರ್ಟಿಗೆ ತಳ್ಳಿದಂತಲ್ಲವೇ?

ಇಂಗ್ಲೆಂಡಿನಲ್ಲಿ 2013ರ ಏಪ್ರಿಲ್‌ನಿಂದ ಹೆಚ್ಚಿನ ಕೌಟುಂಬಿಕ ಕೇಸುಗಳಿಗೆ ಸರ್ಕಾರಿ ನೆರವು ನಿಲ್ಲಿಸಿ, ಮಧ್ಯಸ್ಥಿಕೆಗೆ ಉಳಿಸಿದರು. ಜನ ಅತ್ತ ಮುಗಿಬೀಳುತ್ತಾರೆ ಅಂದುಕೊಂಡಿದ್ದರು. ಸಂಖ್ಯೆ ಕುಸಿದೇ ಬಿಟ್ಟಿತು. ಜನರಿಗೆ ಅಲ್ಲಿಗೆ ದಾರಿ ತೋರಿಸುತ್ತಿದ್ದವರೇ ವಕೀಲರು!

ನಮ್ಮಲ್ಲಿ ಲೋಕ ಅದಾಲತ್ ಮುಗಿದ ಮರುದಿನ ಎಷ್ಟು ಕೇಸು ಇತ್ಯರ್ಥವಾಯಿತು ಎಂಬುದು ದಪ್ಪಕ್ಷರದಲ್ಲಿ ಬರುತ್ತದೆ. ಯಾರ ಕೈಗೆ ಎಷ್ಟು ಬಂತು, ಸಹಿ ಹಾಕಿದವರು ಕಾಗದ ಓದಿದ್ದರೇ, ಯಾರೂ ಕೇಳುವುದಿಲ್ಲ.

ನೀವು ತಿಳಿದವರು, ಊರಲ್ಲಿ ನಿಮ್ಮ ಮಾತು ನಡೆಯುತ್ತದೆ. ಮುಂದಿನ ಹಿಸ್ಸೆ ಮಾತುಕತೆಗೆ ಕರೆದಾಗ, ಕಾನೂನು ಸೇವೆಯ ಸಹಾಯವಾಣಿ 15100 ಅನ್ನು ಆ ಹೆಣ್ಣುಮಗಳಿಗೆ ಮೊದಲೇ ಬರೆದುಕೊಡಿ.